ಮರ್ಫಿ ಟೌನ್‌ನ ಸಂದಿಗಳಲ್ಲಿ ಒಂದು ಭಾನುವಾರ

ಇಂದಿರಾನಗರದ ಕೆಫೆಗಳಿಗೆ ವಾರಕ್ಕೆರಡು ಸಲ ಹೋಗುವವರು ಕೂಡ ಮರ್ಫಿ ಟೌನ್ ಒಳಗೆ ಕಾಲಿಟ್ಟಿರೋದು ಅಪರೂಪ. ಹಲಸೂರು ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಮೊದಲು ಇದರ ಹೆಸರು ನಾಕ್ಸ್‌ಪೇಟೆ. ಆಮೇಲೆ ಕಂಟೋನ್ಮೆಂಟಿನ ಇಂಜಿನಿಯರ್ ಮರ್ಫಿ ಅವರ ಹೆಸರು ಬಂತು. ಗೋಡೆಗೆ ಗೋಡೆ ಅಂಟಿದ ಮನೆಗಳು, ಬಾಗಿಲಲ್ಲೇ ಬೈಕು, ಒಂದೇ ಬೀದಿಯಲ್ಲಿ ತಮಿಳು, ಕನ್ನಡ, ಉರ್ದು.

ನಾನು ಅಲ್ಲಿಗೆ ಹೋಗೋದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೋಸ್ಕರ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ, ವಿಕಿಪೀಡಿಯ ಥರ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು. ಆಫೀಸಿನ ಗೆಳೆಯ ಕೇಳ್ತಾನೆ: "ಸ್ಕ್ರಿಪ್ಟ್ ಬರೆದು ಒಂದೇ ಸಲ ಡೇಟಾ ತುಂಬಿಸೋದು ಬಿಟ್ಟು ಬಿಸಿಲಲ್ಲಿ ಯಾಕೋ ಅಲೀತೀಯ?"

ತುಂಬಿಸಿ ನೋಡಿದ್ದಾರೆ. 2007ರಲ್ಲಿ ಎಎನ್‌ಡಿ ಎಂಬ ಡಚ್ ಕಂಪನಿ ನೆದರ್‌ಲ್ಯಾಂಡ್ಸ್‌ನ ಪೂರ್ತಿ ರಸ್ತೆಗಳನ್ನೂ ಭಾರತ, ಚೀನಾದ ಮುಖ್ಯ ರಸ್ತೆಗಳನ್ನೂ ಈ ನಕ್ಷೆಗೆ ದಾನ ಕೊಟ್ಟಿತು. ನಮಗೆ ಸಿಕ್ಕಿದ್ದು ಹೆದ್ದಾರಿಗಳ ಅಸ್ಥಿಪಂಜರ ಮಾತ್ರ, ಸಂದಿಗಳನ್ನು ಜನರೇ ಬರೀಬೇಕಾಯ್ತು. ಅಮೆರಿಕದಲ್ಲಂತೂ 2007-08ರಲ್ಲಿ ಜನಗಣತಿ ಇಲಾಖೆಯ 'ಟೈಗರ್' ರಸ್ತೆ ಡೇಟಾವನ್ನು ಇಡೀ ದೇಶಕ್ಕೆ ಸುರಿದರು. ಸೊಟ್ಟ ರಸ್ತೆಗಳನ್ನು ನೆಟ್ಟಗೆ ಮಾಡೋ ಕೆಲಸ ವರ್ಷಗಟ್ಟಲೆ ನಡೀತು. ಕೋಡ್ ಬರೆಯೋರಿಗೆ ಗೊತ್ತು, ಬೇರೆಯವರ ಸಾವಿರ ಫೈಲು ಒಂದೇ ಕಮಿಟ್‌ನಲ್ಲಿ ಬಂದರೆ ರಿವ್ಯೂ ಮಾಡೋ ಪಾಡು ಏನು ಅಂತ.

ಈಗ ಮೈಕ್ರೋಸಾಫ್ಟ್, ಗೂಗಲ್ ಉಪಗ್ರಹ ಚಿತ್ರದಿಂದ ಯಂತ್ರವೇ ಗುರುತಿಸಿದ ಕಟ್ಟಡಗಳನ್ನು ಕೋಟಿಗಟ್ಟಲೆ ತೆರೆದಿಟ್ಟಿವೆ. ಬಯಲಿನ ಒಂಟಿ ಮನೆಗೆ ಪರವಾಗಿಲ್ಲ. ಒಬ್ಬ ಮ್ಯಾಪರ್ ಕೂಡ ಇಲ್ಲದ ಹಳ್ಳಿಗೆ ಅದು ವರವೇ, ನಾನು ಅದರ ವಿರೋಧಿ ಅಲ್ಲ. ಆದರೆ ಮರ್ಫಿ ಟೌನ್ ಥರದ ಕಡೆ ಒತ್ತಾಗಿರೋ ಹತ್ತು ಮನೆ ಯಂತ್ರದ ಕಣ್ಣಿಗೆ ಒಂದೇ ಮುದ್ದೆಯಾಗಿ ಕಾಣಬಹುದು.

ಹೆಸರುಗಳದ್ದು ಇನ್ನೂ ತಮಾಷೆ. ಇಂಗ್ಲಿಷ್ ಬೋರ್ಡಿನಿಂದ ಸ್ಕ್ರಿಪ್ಟ್ ಹಾಕಿ ಕನ್ನಡಕ್ಕೆ ತಿರುಗಿಸಿದರೆ ಹತ್ತಿರದ ಜೋಗುಪಾಳ್ಯ 'ಜೋಗುಪಲ್ಯ' ಆಗಿ ಊಟದ ಎಲೆಗೆ ಬಂದುಬಿಡುತ್ತೆ! ಹಲಸೂರು ಹೋಗಿ 'ಉಲ್ಸೂರ್' ಉಳಿಯುತ್ತೆ. ಸ್ಥಳೀಯರೊಬ್ಬರು ಎರಡು ನಿಮಿಷ ಕೂತರೆ ಸರಿಹೋಗೋ ಕೆಲಸ ಇದು. ಅದಕ್ಕೇ ಓಪನ್‌ಸ್ಟ್ರೀಟ್‌ಮ್ಯಾಪ್ ನಿಯಮದಲ್ಲಿ ಸಗಟು ಡೇಟಾ ಹಾಕೋ ಮುಂಚೆ ಆ ಊರಿನ ಮ್ಯಾಪರ್‌ಗಳ ಜೊತೆ ಚರ್ಚೆ ಮಾಡಬೇಕು, ಲೈಸೆನ್ಸ್ ಹೊಂದುತ್ತಾ ನೋಡಬೇಕು ಅಂತಿದೆ. ಗೂಗಲ್ ಮ್ಯಾಪ್ಸ್ ನೋಡಿ ಕಾಪಿ ಹೊಡೆಯೋದಂತೂ ಆಗಲ್ಲ.

ಕಳೆದ ಭಾನುವಾರ ಒಂದು ಸಂದಿಯಲ್ಲಿ ಫೋನ್ ಹಿಡಿದು ನಿಂತಿದ್ದೆ. ಹೂ ಕಟ್ಟುತ್ತಿದ್ದ ಅಜ್ಜಿ ಕೇಳಿದರು:

"ಏನಪ್ಪಾ, ಕಾರ್ಪೊರೇಷನ್ನಾ?"

"ಅಲ್ಲಮ್ಮ, ಮ್ಯಾಪ್ ಮಾಡ್ತಿದೀನಿ."

"ಹಂಗಾದ್ರೆ ಬರ್ಕೊ. ಈ ಕಡೆಯಿಂದ ಗಾಡಿ ಬರಲ್ಲ ಅಂತ. ಹೋದ್ ತಿಂಗ್ಳು ಆಂಬುಲೆನ್ಸು ಇಲ್ಲಿಗಂಟ ಬಂದು ರಿವರ್ಸ್ ಹೋಯ್ತು. ಪೇಷಂಟ್‌ನ ಚೇರಲ್ಲಿ ಕೂರ್ಸ್ಕೊಂಡು ಎತ್ಕೊಂಡ್ ಹೋದ್ರು."

ಅಜ್ಜಿ ಬೆರಳು ತೋರಿಸಿದ ಕಡೆ, ತಿರುವಿನಾಚೆ, ಸೊಂಟದೆತ್ತರದ ಒಂದು ಕಲ್ಲುಕಂಬ. ಪಕ್ಕದ ಮನೆಯ ಶೀಟಿನ ಕೆಳಗೆ ಅರ್ಧ ಮರೆಯಾಗಿತ್ತು. ಮೇಲಿಂದ ಯಾವ ಉಪಗ್ರಹಕ್ಕೂ ಕಾಣೋ ಚಾನ್ಸೇ ಇಲ್ಲ. ಕಂಬ ಗುರುತು ಹಾಕಿ, ದಾರಿಯನ್ನು 'ನಡೆಯುವವರಿಗೆ ಮಾತ್ರ' ಅಂತ ಬದಲಾಯಿಸಿ, ಗಾಡಿ ಬರೋ ಹಿಂದಿನ ದಾರಿಯನ್ನು ಅಜ್ಜಿಯನ್ನೇ ಕೇಳಿ ಬರೆದೆ.

ಹೋಗೋರು ಬೆಳಗ್ಗೆ ಎಂಟರೊಳಗೆ ಹೋಗಿ, ಬಿಸಿಲು ಕಡಿಮೆ. ಆಂಡ್ರಾಯ್ಡ್ ಇದ್ದರೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಾಕಿಕೊಳ್ಳಿ. ಈ ರಸ್ತೆ ಡಾಂಬರಾ, ಸಿಮೆಂಟಾ, ಈ ಮನೆ ನಂಬರ್ ಎಷ್ಟು ಅಂತ ಅದೇ ಕೇಳುತ್ತೆ. ಉಳಿದದ್ದನ್ನು ಬೀದಿಯವರು ಹೇಳ್ತಾರೆ.