ಹದಿನಾಲ್ಕು ವರ್ಷ ಹಿಂದಿದ್ದ ಕಂಪ್ಯೂಟರ್

ಶಿರಸಿ ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗಿನ ಒಂದು ಮನೆ. 2023ರ ಜೂನ್ ತಿಂಗಳು, ಮಳೆ ಆಗಷ್ಟೇ ಹಿಡಿದಿತ್ತು. ಪಿಯುಸಿ ಮುಗಿಸಿದ ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತರೆ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯಲೊಲ್ಲದು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಮಾತ್ರ. ಕೊನೆಯ ದಿನಕ್ಕೆ ಇನ್ನು ಮೂರೇ ದಿನ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಫೋಟೋ ಎಲ್ಲವೂ ಅದರೊಳಗೇ ಇದ್ದವು.

"ರಜೆಯಲ್ಲಿ ಆಟ ಗೀಟ ಹಾಕಿ ಕೆಡಿಸಿಟ್ಟೆ" ಎಂದರು ಅಪ್ಪ. ಏಪ್ರಿಲಿನಿಂದ ತಾನು ಅದನ್ನು ಮುಟ್ಟಿಯೇ ಇಲ್ಲವೆಂದು ಅವಳು ಹೇಳಿದ್ದನ್ನು ಅವರು ನಂಬಲಿಲ್ಲ. ಸಂಪರ್ಕ ಕೊಟ್ಟವರ ಕಡೆಯ ಹುಡುಗ ಬಂದು ತಂತಿಯ ತುದಿ ಬದಲಿಸಿ ಹೋದ. ಪೇಟೆಯ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: ವಿಂಡೋಸ್ ಹೊಸದಾಗಿ ಹಾಕಬೇಕು, ನಾಲ್ಕು ದಿನ ಬೇಕು. ಕಣ್ಣಿಂದ ನೋಡದೆ ಕೊಡುವ ಇಂಥ ತೀರ್ಪುಗಳಿಂದ ಎಷ್ಟು ಮನೆಗಳ ಫೋಟೋಗಳು ಅಳಿಸಿಹೋಗಿವೆಯೋ!

ಆ ರಾತ್ರಿ ಹುಡುಗಿ ಒಬ್ಬಳೇ ಕುಳಿತಳು. ಅದೇ ವೈಫೈಯಲ್ಲಿ ಅಪ್ಪನ ಮೊಬೈಲಿನಲ್ಲಿ ಪುಟಗಳು ತೆರೆಯುತ್ತಿದ್ದವು. ಅಂದರೆ ಹೊರಗಿನ ತಂತಿಯಲ್ಲಾಗಲಿ ಮೋಡೆಮ್‌ನಲ್ಲಾಗಲಿ ದೋಷವಿಲ್ಲ. ಕಂಪ್ಯೂಟರಿನಲ್ಲೂ ಒಂದು ಹಳೆಯ ತಾಣ ತೆರೆಯಿತು. ಅದರ ವಿಳಾಸ ಬರೀ ಎಚ್‌ಟಿಟಿಪಿ. ತೆರೆಯದವೆಲ್ಲ ಎಚ್‌ಟಿಟಿಪಿಎಸ್. ಆಗಷ್ಟೇ ಅವಳು ಪರದೆಯ ಆ ನಾಲ್ಕು ಸಾಲುಗಳನ್ನು ನಿಧಾನವಾಗಿ ಓದಿದಳು. ನಿಮ್ಮ ಗಡಿಯಾರ ಹಿಂದಿದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು! ಬೆಳಗಿನಿಂದ ನಾಲ್ಕು ಜನ ಅದನ್ನು ನೋಡಿದ್ದರು, ಒಬ್ಬರೂ ಓದಿರಲಿಲ್ಲ. ಪರದೆಯ ಮೂಲೆಯಲ್ಲಿ ತಾರೀಕು 1-1-2009 ಎಂದಿತ್ತು.

ತಾರೀಕಿಗೂ ಇಂಟರ್ನೆಟ್ಟಿಗೂ ಏನು ಸಂಬಂಧ? ಎಚ್‌ಟಿಟಿಪಿಎಸ್ ತಾಣವು ತಾನು ನಿಜವಾದ ತಾಣವೇ ಎಂಬುದಕ್ಕೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಅವಧಿ ಇರುತ್ತದೆ. ಆಗಿನ ನಿಯಮದಂತೆ ಈ ಅವಧಿ 398 ದಿನ ಮೀರುವಂತಿರಲಿಲ್ಲ. 2009ರಲ್ಲೇ ಕುಳಿತ ಕಂಪ್ಯೂಟರಿನ ಕಣ್ಣಿಗೆ 2023ರ ಪತ್ರ ಇನ್ನೂ ಹುಟ್ಟಿಯೇ ಇಲ್ಲ! ಅನುಮಾನ ಬಂದು ಬಾಗಿಲು ಹಾಕಿಕೊಂಡಿತು. ತಪ್ಪು ತಿಳಿದಿತ್ತು, ಆದರೆ ತಿಳಿದಷ್ಟರಲ್ಲಿ ನ್ಯಾಯವಾಗಿಯೇ ನಡೆದುಕೊಂಡಿತು.

ಅವಳು ತಾರೀಕು ತಿದ್ದಿದಳು. ಪುಟ ತೆರೆಯಿತು. ರಾತ್ರಿ ಹನ್ನೊಂದಕ್ಕೆ ಅರ್ಜಿ ಹೋಯಿತು. ಅಪ್ಪ "ಹೂಂ" ಎಂದು ಮಲಗಲು ಹೋದರು.

ಬೆಳಿಗ್ಗೆ ಮತ್ತೆ 2009!

ಮಲೆನಾಡಿನ ಮನೆಗಳಲ್ಲಿ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ರೂಢಿ. ಅದು ಒಳ್ಳೆಯದೇ, ಬಿಡಬೇಕಾಗಿಲ್ಲ. ಆದರೆ ಪ್ಲಗ್ಗಿನಲ್ಲಿ ವಿದ್ಯುತ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ ಅದರ ಗಡಿಯಾರ ಆ ವಿದ್ಯುತ್ತಿನಿಂದಲೇ ನಡೆಯುತ್ತದೆ. ಕಿತ್ತ ಮೇಲೆ ಅದಕ್ಕೆ ಆಧಾರ ಮದರ್‌ಬೋರ್ಡಿನ ಮೇಲಿನ ಒಂದು ಗುಂಡು ಬಿಲ್ಲೆ. ಇದು ಸಿಆರ್2032 ಎಂಬ ಲಿಥಿಯಂ ಸೆಲ್, 20 ಮಿಲಿಮೀಟರ್ ಅಗಲ, 3 ವೋಲ್ಟ್. ಅಲ್ಲಿ ಒಂದು ಪುಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿ ನೋಡಿ, ಅದೇ ಸಂಖ್ಯೆ. ಅರ್ಧ, ಅರ್ಧದರ್ಧ ಎಂದು ಹದಿನೈದು ಸಲ ಇಳಿಸಿದರೆ ಸರಿಯಾಗಿ ಒಂದು ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಸೆಲ್ ಸತ್ತರೆ ಮಿಡಿತವೂ ನಿಲ್ಲುತ್ತದೆ. ಮತ್ತೆ ಹಚ್ಚಿದಾಗ ಯಂತ್ರ ತಾನು ಹುಟ್ಟಿದ ಕಾಲದ ಒಂದು ತಾರೀಕಿನಿಂದ ಎಣಿಕೆ ಶುರು ಮಾಡುತ್ತದೆ.

"ಕೀಲಿ ಕೊಡದಿದ್ದರೆ ನಮ್ಮ ಗೋಡೆ ಗಡಿಯಾರ ನಿಲ್ಲೋದಿಲ್ಲವಾ ತಂಗೀ, ಹಾಗೇ" ಎಂದರು ಅಜ್ಜ.

ಇನ್ನೊಂದು ಸುಳಿವೂ ಇತ್ತು. ತಿಂಗಳ ಮೊದಲಿನಿಂದ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಎಂಬ ಸೂಚನೆ ಬರುತ್ತಿತ್ತು. ಅಡಿಕೆ ಲೆಕ್ಕ ಬರೆಯಲು ಕೂರುತ್ತಿದ್ದ ಅಪ್ಪ ದಿನವೂ ಅದನ್ನು ಒತ್ತಿ ಮುಂದೆ ಹೋಗುತ್ತಿದ್ದರು. ಅದರ ಮೇಲಿನ ಸಾಲಿನಲ್ಲಿ ದೂರು ಏನೆಂದು ಬರೆದಿತ್ತು. ಮಗಳು ಅದನ್ನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮರುದಿನ ಪೇಟೆಗೆ ಹೋದವರು ವಾಚ್ ರಿಪೇರಿ ಅಂಗಡಿಯಿಂದ ನಲವತ್ತು ರೂಪಾಯಿಯ ಸೆಲ್ ತಂದರು. ತಾವೇ ಬಿಚ್ಚಲಿಲ್ಲ, ಅವಳ ಕೈಗೆ ಕೊಟ್ಟು ಟಾರ್ಚ್ ಹಿಡಿದು ನಿಂತರು. ಅವಳು ಪ್ಲಗ್ ಕಿತ್ತು, ಮೈಯ ಸ್ಥಿರ ವಿದ್ಯುತ್ ಹೋಗಲೆಂದು ಪೆಟ್ಟಿಗೆಯ ಲೋಹ ಮುಟ್ಟಿ, ಕ್ಲಿಪ್ಪು ಸರಿಸಿ, ಅಕ್ಷರವಿರುವ ಧನ ಮುಖ ಮೇಲೆ ಬರುವಂತೆ ಸೆಲ್ ಕೂರಿಸಿದಳು. ಹಳೆಯದನ್ನು ಪಕ್ಕದ ಮನೆಯ ಮಗುವಿನ ಕೈಗೆ ಸಿಗದಂತೆ ಕಾಗದದಲ್ಲಿ ಸುತ್ತಿ ಎತ್ತಿಟ್ಟರು. ಇಂಥ ಬಿಲ್ಲೆ ಹೊಟ್ಟೆಗೆ ಹೋದರೆ ಪ್ರಾಣಾಪಾಯ.

ಇದರಿಂದ ಆ ಯಂತ್ರ ಹೊಸದಾಗಲಿಲ್ಲ. ಅದರಲ್ಲಿದ್ದ ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. ಬ್ಯಾಂಕಿನ ಕೆಲಸಕ್ಕೆ ಅದು ಬೇಡವೆಂದು ಮಗಳೇ ತಾಕೀತು ಮಾಡಿದಳು.

ತಾರೀಕು ಸರಿಪಡಿಸಿ, ಆಫ್ ಮಾಡಿ, ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟರು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಅಪ್ಪ ಅಭ್ಯಾಸಬಲದಿಂದ ಎಫ್1ರ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದರು. ಒತ್ತುವ ಪ್ರಸಂಗ ಬರಲಿಲ್ಲ.