ಕಮಟು ಎಳ್ಳಿನ ಊಟ

ಈ ಸಲ ಊಟದ ವಿಷಯ ಬರೀತಿದ್ದೀನಿ. ಹೊಲದ್ದು ಕೊನೇಲಿ ಬರುತ್ತೆ.

ಹೋದ ವಾರ ತುಮಕೂರಿನ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬದನೆಕಾಯಿ ಹಾಕಿದೆ. ಕೆಜಿಗೆ 14 ರೂಪಾಯಿ ಸಿಕ್ತು. ಅದೇ ಬೇಜಾರಲ್ಲಿ ಕೂತಿದ್ದಾಗ ಮಗಳು ಫೋನ್ ಮಾಡಿದ್ಲು. ತುಮಕೂರಲ್ಲೇ ಕೆಲಸಕ್ಕೆ ಸೇರವ್ಳೆ, ಮೊದಲ ಸಂಬಳ ಬಂದಿತ್ತು. "ಅಪ್ಪ, ಗುಬ್ಬಿಯಿಂದ ಅವ್ವ, ಕುಣಿಗಲ್ಲಿಂದ ಅತ್ತೆ ಇಬ್ರೂ ಬರ್ತಾವ್ರೆ. ಎಲ್ರಿಗೂ ಊಟ ಕೊಡಿಸ್ತೀನಿ" ಅಂದ್ಲು. ಅತ್ತೆ ಅಂದ್ರೆ ನಮ್ಮಕ್ಕ.

ಹೊಸ ಹೋಟ್ಲು, ಹೆಸರು ಬೇಡ. ಮೆಡಿಟರೇನಿಯನ್ ಊಟ ಅಂತೆ. ಅದೊಂದು ಸಮುದ್ರ, ಲೆಬನಾನ್, ಟರ್ಕಿ, ಗ್ರೀಸ್, ಈಜಿಪ್ಟ್ ಎಲ್ಲಾ ಅದರ ದಡದಲ್ಲವೆ ಅಂತ ಮಗಳು ಹೇಳಿದ್ಲು. ಏನೋ ಕಾಣದ್ದು ಬರುತ್ತೆ ಅಂದ್ಕೊಂಡ್ರೆ ಬಂದಿದ್ದು ಕಡಲೆ, ಎಳ್ಳು, ಬದನೆಕಾಯಿ, ಬೆಳ್ಳುಳ್ಳಿ, ನಿಂಬೆಹಣ್ಣು!

ಫಲಾಫೆಲ್ ಅನ್ನೋ ಉಂಡೆ ನಮ್ಮ ಅಂಬೊಡೆ ಜಾತೀದು. ಅಕ್ಕ ಒಂದು ಕಡಿದು ದವಡೆ ಹಿಡ್ಕೊಂಡು "ಇದೇನೋ, ಗೋಲಿ ಕೊಟ್ಟವ್ರೆ" ಅಂದ್ಲು. ಕಾಬೂಲ್ ಕಡಲೇನ ರಾತ್ರಿ ನೆನೆಹಾಕಿ, ಬೇಯಿಸದೆ ತರಿತರಿ ರುಬ್ಬಿ ಕರೀಬೇಕಂತೆ, ಆಮೇಲೆ ಮಗಳು ಫೋನಲ್ಲಿ ನೋಡಿ ಹೇಳಿದ್ಲು. ಬೇಯಿಸಿ ರುಬ್ಬಿದ್ರೆ ಎಣ್ಣೇಲಿ ಒಡೆದುಹೋಗುತ್ತೆ, ಆಗ ಹಿಟ್ಟು ಸೇರಿಸಿ ಹಿಡಿಸಬೇಕು. ಇವರದ್ದೂ ಅದೇ ಇರಬೇಕು. ಒಳಗೆ ಹಿಟ್ಟು, ಹೊರಗೆ ಕಲ್ಲು.

ಹಮ್ಮಸ್ ಅಂತ ಇನ್ನೊಂದು. ಬೆಂದ ಕಡಲೆಗೆ ಎಳ್ಳು ಸೇರಿಸಿ ಚಟ್ನಿ ತರ ರುಬ್ಬಿದ್ದು, ಒಂದು ಬಟ್ಟಲಿಗೆ 240 ರೂಪಾಯಿ. ನಾಲಿಗೆ ಮೇಲಿಟ್ಟ ತಕ್ಷಣ ಗೊತ್ತಾಯ್ತು, ಎಳ್ಳು ಕಮಟಾಗೈತೆ. ನಮ್ಮಪ್ಪ ಪೂರ್ವ ಮುಂಗಾರಲ್ಲಿ ಎಳ್ಳು ಬಿತ್ತಿ, ಅದು ಬಂದ್ಮೇಲೆ ರಾಗಿ ಹಾಕ್ತಿದ್ರು. ಮಡಕೇಲಿ ಹಳೇದಾದ ಎಳ್ಳಿನ ವಾಸನೆ ನಾನು ಮರೆಯೋ ಹಂಗಿಲ್ಲ. ಬದನೆಕಾಯಿ ಗೊಜ್ಜಿಗೆ ಕೆಂಡದ ವಾಸನೇನೇ ಇಲ್ಲ, ಬೇಯಿಸಿಬಿಟ್ಟಿದ್ರು. ರೊಟ್ಟಿ ಆರುತ್ತಿದ್ದಂಗೆ ಚಕ್ಕಳ.

ಮಗಳು ತಾನು ತಿನ್ನದೆ ನಮ್ಮ ಮುಖಾನೇ ನೋಡ್ತಿದ್ಲು. ಬಿಲ್ಲು 1,380 ಆಯ್ತು. "ಹೆಂಗಿತ್ತಪ್ಪ?" ಅಂದ್ಲು. "ಚೆನ್ನಾಗಿತ್ತು ಕಣವ್ವ" ಅಂದೆ. ಬಸ್‌ಸ್ಟ್ಯಾಂಡಿಗೆ ಬಂದ್ರೆ ಅಕ್ಕ ಚಿತ್ರಾನ್ನದ ಪೊಟ್ಟಣ ಬಿಚ್ಚಿ ಕೂತ್ಲು. ಹಸಿವಾಗಿತ್ತು ಪಾಪ. ಮಗಳ ಮುಖ ಸಣ್ಣಗಾಯ್ತು.

ಹೋಟ್ಲೋರಿಗೂ ನಾನು ಏನೂ ಹೇಳಲಿಲ್ಲ, ಅದೇ ಕೊರೀತೈತೆ. ಮಂಡೀಲಿ ನಮ್ಮ ಕಾಯಲ್ಲಿ ಹುಳ ಇದ್ರೆ ಮುಖಕ್ಕೇ ಹೇಳ್ತಾರೆ, ರೇಟು ಇಳಿಸ್ತಾರೆ. ಬೈಕೊಂಡೇ ಮುಂದಿನ ಸಲ ಆರಿಸಿ ಹಾಕ್ತೀವಿ. ಆ ಅಡುಗೆ ಹುಡುಗನಿಗೆ ಎಳ್ಳು ಕೆಟ್ಟಿದೆ ಅಂತ ಹೇಳೋರು ಯಾರು?

ರಾತ್ರಿ ಫೋನ್ ಮಾಡಿ ಮಗಳಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಂಗೂ ಅನ್ನಿಸ್ತಪ್ಪ. ನಿಮಗಾದ್ರೂ ಹಿಡಿಸ್ತೇನೋ ಅಂತ ಸುಮ್ನಿದ್ದೆ" ಅಂದ್ಲು.

ಭಾನುವಾರ ಊರಿಗೆ ಬರ್ತಾಳೆ. ಕಡಲೆ ನೆನೆಹಾಕ್ತೀವಿ, ಬದನೆಕಾಯಿ ಅವಳವ್ವ ಕೆಂಡದಲ್ಲಿ ಸುಡ್ತಾಳೆ. ಎಳ್ಳು ಮಾತ್ರ ಅಂಗಡೀದೇ ಗತಿ. ಗುಬ್ಬಿ, ಕುಣಿಗಲ್ ಕಡೆ ಯಾರತ್ರನಾದ್ರೂ ಬಿಳಿ ಎಳ್ಳಿನ ಬಿತ್ತನೆ ಬೀಜ ಇದ್ರೆ ತಿಳಿಸಿ. ಬರೋ ಪೂರ್ವ ಮುಂಗಾರಿಗೆ 10 ಗುಂಟೆ ಹಾಕೋಣ ಅಂತಿದ್ದೀನಿ. ಮರಳು ಬೆರೆಸಿ ಚೆಲ್ಲೋದು, ಅರ್ಧ ಕೆಜಿ ಸಾಕು.