ಹಕ್ಕಿ ಬರುವ ಕೆರೆ ಯಾರದು?

ವಿಜಯಪುರ ಜಿಲ್ಲೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೀರು ನಮಗೆ ಮಾತ್ರ ಬೇಕಾದದ್ದಲ್ಲ ಎಂಬುದನ್ನು ಆಗಾಗ ಯಾರಾದರೂ ನೆನಪಿಸಬೇಕಾಗುತ್ತದೆ. ನಮಗೆ ಅದನ್ನು ನೆನಪಿಸಿದ್ದು ಎರಡು ಕೆರೆಗಳು.

ಫೆಬ್ರುವರಿಯ ಕೊನೆಯಲ್ಲಿ ನಮ್ಮ ಹಕ್ಕಿ ನೋಡುವ ಗುಂಪು ಜೈನಾಪುರದಿಂದ ಹೊರಟಿತು. ಗುಂಪು ಎಂದರೆ ಎಂಟು ಜನ: ಇಬ್ಬರು ಮಾಸ್ತರರು, ಔಷಧ ಅಂಗಡಿಯವರೊಬ್ಬರು, ಮೂವರು ಕಾಲೇಜು ಹುಡುಗರು, ಅಂಚೆ ಇಲಾಖೆಯಿಂದ ನಿವೃತ್ತರಾದ ಚಾಚಾ ಮತ್ತು ನಾನು. ಎಂಟು ಜನಕ್ಕೆ ನಾಲ್ಕು ದುರ್ಬೀನು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಕೊಲ್ಹಾರದ ಸೇತುವೆಯ ಮೇಲೆ ಆಲಮಟ್ಟಿಯ ಹಿನ್ನೀರನ್ನು ದಾಟಿ ಗದಗದ ದಾರಿ ಹಿಡಿದೆವು.

ಗದಗ ಜಿಲ್ಲೆಯ ಮಾಗಡಿ ಕೆರೆ ನೋಡಲು ಸಾಧಾರಣವಾದದ್ದು. ಅದರ ವಿಸ್ತಾರ ಸುಮಾರು 54 ಹೆಕ್ಟೇರ್. ನೀರಾವರಿಗೆಂದು ಕಟ್ಟಿದ ಕೆರೆ ಅದು. ಆದರೆ ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ನಾವು ಹೋದಾಗ ಅವು ಮರಳುವ ಹೊತ್ತು. ಇದ್ದ ಗುಂಪುಗಳು ದಂಡೆಯ ಹೊಲದಲ್ಲಿ ಮೇಯುತ್ತಿದ್ದವು.

ಹೊಲ ಎಂದೆ. ಅಲ್ಲಿಯೇ ಇರುವುದು ಪ್ರಶ್ನೆ. ನಾವು ನೋಡಿ ಸಂತೋಷಪಡುವ ಹಕ್ಕಿ ತಿನ್ನುವುದು ಇನ್ನೊಬ್ಬರ ಬೆಳೆಯನ್ನು. ಬದುವಿನ ಮೇಲೆ ಕುಳಿತಿದ್ದ ರೈತರೊಬ್ಬರನ್ನು ಚಾಚಾ ಕೇಳಿದರು: “ಯಜಮಾನ್ರ, ಇವು ತಿಂದ್ರ ನಿಮಗ ಲುಕ್ಸಾನ ಅಲ್ಲೇನ್ರಿ?”

“ಲುಕ್ಸಾನ ಆಗತೈತ್ರಿ, ಯಾಕಾಗಂಗಿಲ್ಲ?” ಎಂದರು ಅವರು. “ನಾಲ್ಕ ಸಾಲ ಕಡ್ಲಿ ಹೋಗತಾವ. ಆದ್ರ ಕಲ್ಲ ಒಗದ್ರ ಊರಾಗ ಮಂದಿ ಬೈತಾರ. ಕೆರಿ ನಮ್ದಲ್ರಿ!”

ಆ ಮಾತು ನಮ್ಮೆಲ್ಲರನ್ನೂ ಸುಮ್ಮನಾಗಿಸಿತು. ಪ್ರೀತಿಗೂ ಖರ್ಚಿದೆ. ಅದನ್ನು ಕೊಡುತ್ತಿರುವವರು ಯಾರು ಎಂಬುದನ್ನು ದುರ್ಬೀನು ತೋರಿಸುವುದಿಲ್ಲ.

ಮರುದಿನ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೆ ಹೋದೆವು. ಹಗರಿಬೊಮ್ಮನಹಳ್ಳಿ ತಾಲೂಕಿನ ಈ ಊರಿನ ಕೆರೆಯೂ ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ್ದು. ಸುಮಾರು 99 ಹೆಕ್ಟೇರ್. ನೀರಿನ ನಡುವೆ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಬಿಳಿ ಕೆಂಬರಲುಗಳ ಸಂಸಾರ. ಮರಿಗಳ ಗಲಾಟೆಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ.

ಈ ಎರಡು ಕೆರೆಗಳೂ, ಅಘನಾಶಿನಿಯ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಜೌಗು ನೆಲಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯದು. ಅದಕ್ಕೂ ಮೊದಲು ಕರ್ನಾಟಕದಿಂದ ಅದರಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ನಮ್ಮ ಕಾನೂನಿನಲ್ಲಿ ಇವೆರಡೂ ಕೆರೆಗಳು ‘ಸಂರಕ್ಷಣಾ ಮೀಸಲು’ಗಳು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ವರ್ಗ ಇದು. ಸರ್ಕಾರಿ ನೆಲವನ್ನು ಹೀಗೆ ಘೋಷಿಸುವ ಮೊದಲು ಸ್ಥಳೀಯರೊಡನೆ ಸಮಾಲೋಚಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು. ಊರನ್ನು ಹೊರಗಿಟ್ಟು ಹಕ್ಕಿಯನ್ನು ಉಳಿಸಲಾಗದು ಎಂಬ ತಿಳಿವಳಿಕೆ ಈ ಕಾನೂನಿನಲ್ಲಿದೆ.

“ಇಂಥದ್ದು ನಮ್ಮ ಕಡೆ ಯಾಕಿಲ್ಲ?” ಎಂದು ಹುಡುಗರಲ್ಲೊಬ್ಬ ಕೇಳಿದ. ಇಲ್ಲವೆಂದು ಯಾರು ಹೇಳಿದರು? ಬಬಲೇಶ್ವರದ ಸೀಮೆಯಲ್ಲೇ ಮಮದಾಪುರದ ದೊಡ್ಡ ಕೆರೆಗಳಿವೆ. ಮುಹಮ್ಮದ್ ಆದಿಲ್‌ಶಾಹ್ ಕಟ್ಟಿಸಿದವು. ಅದೇ ದೊರೆ 1651ರಲ್ಲಿ ಬಿಜಾಪುರದ ಬೇಗಂ ತಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ನೀರು ಹರಿಸಿದ. ಕೊಳವೆ ಒಡೆಯದಂತೆ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಕಟ್ಟಿದ ಗೋಪುರಗಳೇ ಗಂಜ್‌ಗಳು. ಇತ್ತೀಚಿನ ವರ್ಷಗಳಲ್ಲಿ ಕೆರೆ ತುಂಬಿಸುವ ಯೋಜನೆಗಳಿಂದ ಕೃಷ್ಣೆಯ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಬಂದಿದೆ. ಬೇಸಿಗೆಗೆ ಆಲಮಟ್ಟಿಯ ಹಿನ್ನೀರು ಇಳಿದು ಕೆಸರು ದಂಡೆ ತೆರೆದುಕೊಂಡಾಗ ರಾಜಹಂಸಗಳೂ ಇಳಿಯುತ್ತವೆ.

ನೀರಿದೆ, ಹಕ್ಕಿಯೂ ಇದೆ. ಬೇಕಾದದ್ದು “ಕೆರಿ ನಮ್ದು” ಎನ್ನುವ ಊರು. ದೊರೆ ಕೆರೆ ಕಟ್ಟಿಸಬಲ್ಲ, ಸರ್ಕಾರ ತುಂಬಿಸಬಲ್ಲದು. ಕಾಯುವವರು ದಂಡೆಯ ಮೇಲಿನವರೇ. ಕಾಯುವುದೆಂದರೆ ಬೇಲಿ ಹಾಕುವುದಷ್ಟೇ ಅಲ್ಲ. ಕಸ ಸುರಿಯಗೊಡದಿರುವುದು, ಅಂಚಿನ ಆಳವಿಲ್ಲದ ನೀರನ್ನು ಮಣ್ಣು ಹಾಕಿ ಮುಚ್ಚದಿರುವುದು, ಬೆಳೆ ಕಳೆದುಕೊಂಡ ರೈತನ ಲೆಕ್ಕವನ್ನು ಊರೆಲ್ಲ ಹಂಚಿಕೊಳ್ಳುವುದು. ಇಲ್ಲದಿದ್ದರೆ ಬಡವನೊಬ್ಬನ ಹೊಲದ ಮೇಲೆ ನಮ್ಮ ಪರಿಸರಪ್ರೇಮ ಮೇಯ್ದಂತಾಗುತ್ತದೆ.

ಬರುವ ನವೆಂಬರಿನಿಂದ ತಿಂಗಳಿಗೊಂದು ರವಿವಾರ ಮಮದಾಪುರದ ದಂಡೆಯಲ್ಲಿ ಹಕ್ಕಿ ಎಣಿಸುವುದೆಂದು ಗುಂಪು ನಿರ್ಧರಿಸಿದೆ. ಎಣಿಕೆಯ ವಹಿಯಲ್ಲಿ ಹಕ್ಕಿಯ ಹೆಸರಿನ ಪಕ್ಕ ಇನ್ನೊಂದು ಸಾಲು ಇರಲಿ ಎಂದರು ಚಾಚಾ: ಅದು ಮೇಯ್ದ ಹೊಲ ಯಾರದು, ಎಷ್ಟು ಹಾಳಾಯಿತು. ವಹಿಯನ್ನು ಗ್ರಾಮಸಭೆಯಲ್ಲಿ ಓದುವ ಕೆಲಸವನ್ನು ಕಾಲೇಜು ಹುಡುಗರು ಒಪ್ಪಿಕೊಂಡಿದ್ದಾರೆ.